ತಲೆದಿಂಬಿನ ಕವರುಗಳ ಕೆಳಗಿನ ಫ್ಲೈವೀಲ್

ರೋಲಂಡ್ ಪಿಗಟ್‌ನನ್ನು ಏನಾದರೂ ಕೇಳಿದರೆ ಅವನು ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಮೊದಲು ಕನ್ನಡಕ ತೆಗೆಯುತ್ತಿದ್ದ. ಕಂದು ಬಣ್ಣದ ನಿಲುವಂಗಿಯ ಜೇಬಿನಿಂದ ಬಟ್ಟೆಯ ಚೂರೊಂದನ್ನು ಎಳೆದು, ಗಾಜುಗಳನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೂಗಿನ ಮೇಲೆ ಕೂರಿಸಿಕೊಂಡು, "ಅದನ್ನ ಹಾಗೆ ಒಂದೇ ಮಾತಲ್ಲಿ ಹೇಳೋಕಾಗಲ್ಲ" ಅನ್ನುತ್ತಿದ್ದ. ಆಮೇಲೆ ಸಾವಿರ ಮಾತಿನಲ್ಲಿ ಹೇಳುತ್ತಿದ್ದ.

ಇಂಗ್ಲೆಂಡಿನ ಮಾಲ್ವರ್ನ್ ಗುಡ್ಡದ ಸುತ್ತಮುತ್ತಲಿನ ಹಾರ್ಡ್‌ವಿಕ್ ಕಾರುಗಳ ಒಡೆಯರ ಸಂಘಕ್ಕೆ ಅವನು ತಾಂತ್ರಿಕ ಸಲಹೆಗಾರ. ಹಾರ್ಡ್‌ವಿಕ್ ಎಂದರೆ ಎರಡೇ ಸೀಟಿನ, ಮಡಚುವ ಮಾಡಿನ, ಮಳೆ ಬಂದರೆ ಒಳಗೂ ಹೊರಗೂ ಭೇದವೆಣಿಸದೆ ನೆನೆಯುವ ಓಟದ ಕಾರು. ಅದನ್ನು ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿ ಅರ್ಧ ಶತಮಾನವಾಗಿತ್ತು. ಹಾಗಾಗಿ ಒಂದು ಮೊಳೆ ಬೇಕಾದರೂ ಜನ ರೋಲಂಡ್‌ಗೆ ಫೋನ್ ಮಾಡುತ್ತಿದ್ದರು. ಪಾದ್ರಿಗೆ ಫೋನ್ ಮಾಡುವವರಿಗಿಂತ ತನಗೆ ಮಾಡುವವರೇ ಹೆಚ್ಚು ಎಂದು ಅವನು ಪಾದ್ರಿಯ ಎದುರಿಗೇ ಹೇಳಿದ್ದುಂಟು.

ಅವನ ಸ್ವಂತ ಹಾರ್ಡ್‌ವಿಕ್ ಮಾತ್ರ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಅದು ಹಿತ್ತಲ ಶೆಡ್ಡಿನಲ್ಲಿ ಬಿಸ್ಕತ್ತಿನ ಡಬ್ಬಿಗಳಲ್ಲೂ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲೂ ಹಂಚಿಹೋಗಿತ್ತು. "ಮುಂದಿನ ವಸಂತಕ್ಕೆ ರಸ್ತೆಗಿಳಿಯುತ್ತೆ" ಎಂದು ರೋಲಂಡ್ ಹೇಳುತ್ತಿದ್ದ. ವಸಂತಗಳು ತಪ್ಪದೆ ಬಂದು ಹೋಗುತ್ತಿದ್ದವು.

ಟೆರಿ ಮಾಬಟ್‌ನ ಕಾರು ಹಾಗಲ್ಲ, ಓಡುತ್ತಿತ್ತು. ಟೆರಿ ಜೀವಮಾನವಿಡೀ ಊರಿನ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ಹಸಿರು ಬಣ್ಣದ ಹಾರ್ಡ್‌ವಿಕ್ ಓಡಿಸುತ್ತಿದ್ದ. ಹೀಗಿರುವಾಗ ಅವನ ಕಣ್ಣಿನ ನಡುನೋಟ ಮಾಸತೊಡಗಿತು. ಎದುರಿಗೆ ನಿಂತವರ ಮುಖದ ಜಾಗದಲ್ಲಿ ಬೂದು ಮೋಡ, ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಲೋಕ. ಲೈಸೆನ್ಸ್ ಮರಳಿಸಿ ಬಂದ ದಿನ ಅವನು ಊಟ ಮಾಡಲಿಲ್ಲ. ಅದುವರೆಗೆ ಆ ಕಾರನ್ನು "ನಮ್ಮ ಯಜಮಾನರ ಇನ್ನೊಬ್ಬಳು" ಎಂದು ಕರೆಯುತ್ತಿದ್ದ ಹೆಂಡತಿ ಐರೀನ್ ಮರುದಿನ ಬೀಗದ ಕೈ ಎತ್ತಿಕೊಂಡು, "ಬಾ, ಕೂತ್ಕೋ. ಅವಳ ಸ್ವಭಾವ ಏನು ಅಂತ ನಂಗೂ ಸ್ವಲ್ಪ ಹೇಳಿಕೊಡು" ಅಂದಳು.

ಅಂದಿನಿಂದ ಭಾನುವಾರವೆಂದರೆ ಐರೀನ್ ಸ್ಟಿಯರಿಂಗ್ ಹಿಡಿಯುತ್ತಿದ್ದಳು, ಟೆರಿ ಪಕ್ಕದಲ್ಲಿ ಕೈಯನ್ನು ಬಾಗಿಲ ಮೇಲಿಟ್ಟುಕೊಂಡು ಕಿವಿಯಿಂದ ದಾರಿ ನೋಡುತ್ತಿದ್ದ. ಗುಡ್ಡದ ಏರು ಹತ್ತಿ, ಆಚೆ ಕಡೆ ಇಳಿದು, ಚಹಾದಂಗಡಿಯಲ್ಲಿ ಸ್ಕೋನು ಎಂಬ ಬೆಣ್ಣೆ ಬನ್ನು ತಿಂದು ಬರುತ್ತಿದ್ದರು. ಐರೀನ್‌ಳ ಎಡ ಮಂಡಿಗೆ ಒಮ್ಮೆ ಆಪರೇಷನ್ ಆಗಿತ್ತು. ಆದರೂ ಆ ಕಾಲಲ್ಲೇ ಕ್ಲಚ್ಚು ಒತ್ತಿ ಅವಳು ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಆ ಏಪ್ರಿಲ್‌ನಲ್ಲಿ ಕಾರು ನಿಂತಲ್ಲೇ ಟಕಟಕ ಅನ್ನತೊಡಗಿತು. ಒಂದು ಶನಿವಾರ ಸಂಘದ ನಾಲ್ಕಾರು ಜನ ರೋಲಂಡ್‌ನ ಗ್ಯಾರೇಜಿನಲ್ಲಿ ಸೇರಿ ಗೇರ್‌ಬಾಕ್ಸ್ ಇಳಿಸಿದರು. ಇಂಥ ಕೆಲಸಕ್ಕೆ ಕೂಲಿಯಿಲ್ಲ. ಬ್ರೆಡ್ಡಿನ ನಡುವೆ ಹುರಿದ ಹಂದಿಮಾಂಸ, ಮೇಲೆ ಕಂದು ಸಾಸು, ಕುಡಿದಷ್ಟು ಚಹಾ. ಗೇರ್‌ಬಾಕ್ಸಿನ ಹಿಂದೆ, ಇಂಜಿನ್ನಿನ ಬೆನ್ನಿಗೆ ಕಚ್ಚಿಕೊಂಡ ಕಬ್ಬಿಣದ ದಪ್ಪ ಗಾಲಿ ಕಾಣಿಸಿತು. ಅದೇ ಫ್ಲೈವೀಲ್. ಬೋಲ್ಟಿನ ಒಂದು ತೂತಿನಿಂದ ಇನ್ನೊಂದರ ತನಕ ಕೂದಲೆಳೆಯ ಬಿರುಕು.

"ಬೆಸುಗೆ ಹಾಕಿಸಿದ್ರೆ?" ಎಂದ ಟೆರಿ.

"ಟೆರಿ, ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗೋ ವಸ್ತು ಕಣಯ್ಯಾ ಇದು. ಒಡೆದ್ರೆ ಸರಿಯಾಗಿ ನಿಮ್ಮಿಬ್ಬರ ಕಾಲ ಹತ್ರಾನೇ ಒಡೆಯುತ್ತೆ. ಆಮೇಲೆ ಐರೀನ್ ನಾಲ್ಕು ಮಂಡಿಗೂ ಎಣ್ಣೆ ತಿಕ್ತಾ ಕೂರಬೇಕು."

"ತಿಕ್ಕೋಕೆ ಮಂಡಿ ಉಳಿದಿದ್ರೆ" ಎಂದಳು ಐರೀನ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

ಟೆರಿ ಗ್ಯಾರೇಜಿನ ಗೋಡೆಯ ಕಡೆ ಮುಖ ಮಾಡಿ, "ಹಾಗಾದ್ರೆ ಹಳೇದು, ಕಾರ್ಖಾನೇದೇ ಒಂದು... ಎಲ್ಲಾದ್ರೂ ಇರಬಹುದಾ? ಯಾರ ಹತ್ರಾದ್ರೂ?" ಎಂದ.

ಈ ಹಳೇ ಕಾರಿನ ಜನರಲ್ಲಿ ಒಂದು ರೀತಿಯಿದೆ. ಒಬ್ಬನ ಕಾಯಿಲೆ ಕೇಳಬಹುದು, ಹೆಂಡತಿಯ ವಯಸ್ಸನ್ನೂ ಕೇಳಬಹುದು; ಅವನು ತೆಗೆದಿಟ್ಟುಕೊಂಡ ಬಿಡಿಭಾಗವನ್ನು ಮಾತ್ರ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಗೋಡೆಗೆ ಕೇಳಬೇಕು. ಇದ್ದವನು ತಾನಾಗಿಯೇ "ನನ್ನ ಹತ್ರ ಇದೆ, ತಗೋ" ಅನ್ನಬೇಕು. ಅನ್ನದಿದ್ದರೆ ಗೋಡೆಯೇ ಇಲ್ಲವೆಂದಿತು ಎಂದುಕೊಂಡು ಎಲ್ಲರೂ ಚಹಾ ಕುಡಿಯಬೇಕು.

ರೋಲಂಡ್ ಕನ್ನಡಕ ತೆಗೆದು ಒರೆಸಿದ.

ಅವನ ಹತ್ತಿರ ಇತ್ತು. ಮಹಡಿಯ ಮೇಲೆ ಬಿಸಿನೀರಿನ ಹಂಡೆಯನ್ನು ಬಳಸಿ ಕಟ್ಟಿದ ಕಪಾಟಿನಲ್ಲಿ, ಹೆಂಡತಿ ಹಿಲರಿ ಬೆಚ್ಚಗಿರಲೆಂದು ದುಪ್ಪಡಿ, ಟವೆಲು, ತಲೆದಿಂಬಿನ ಕವರುಗಳನ್ನು ಜೋಡಿಸಿಡುವ ಜಾಗದಲ್ಲಿ, ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೇಲೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಹಾರ್ಡ್‌ವಿಕ್ ಫ್ಲೈವೀಲ್ ಮಲಗಿತ್ತು. ಶೆಡ್ಡಿನ ತೇವಕ್ಕೆ ತುಕ್ಕು ಹಿಡಿದೀತೆಂದು ಇಡೀ ಕಾರಿನಲ್ಲಿ ಅದೊಂದನ್ನು ಅವನು ಮನೆಯೊಳಕ್ಕೆ ತಂದಿದ್ದ. ಒಂದು ಗೀರೂ ಇಲ್ಲ, ಅಂಚಿನ ಒಂದು ಹಲ್ಲೂ ಸವೆದಿಲ್ಲ. ಮುಂದಿನ ವಸಂತವೆಂಬುದು ನಿಜವಾಗಿಯೂ ಎಲ್ಲಾದರೂ ಇದ್ದರೆ ಅದು ಆ ಕಪಾಟಿನಲ್ಲಿತ್ತು. ಕೊಟ್ಟರೆ, ಶೆಡ್ಡಿನಲ್ಲಿ ಉಳಿಯುವುದು ಬರೀ ಬಿಸ್ಕತ್ತಿನ ಡಬ್ಬಿಗಳು.

"ಸಿಗೋದಿಲ್ಲ" ಎಂದ ರೋಲಂಡ್.

ಸಿಗೋದಿಲ್ಲ ಎಂಬುದು ಸುಳ್ಳಲ್ಲ, ತಾನು ಕೊಡದ ಮೇಲೆ ಸಿಗುವುದಾದರೂ ಹೇಗೆ, ಎಂದು ಅವನು ಆಮೇಲೆ ಎಷ್ಟೋ ಸಲ ತನಗೇ ಹೇಳಿಕೊಂಡ. ಆಗ ಮಾತ್ರ ಹಾಗೆ ಹೇಳಿ ಅಲ್ಲಿಗೇ ಬಾಯಿ ಮುಚ್ಚಿದ್ದರೆ ಅಷ್ಟು ಕೆಡುತ್ತಿರಲಿಲ್ಲವೇನೋ. ತಪ್ಪು ಮಾಡಿದವನ ಬಾಯಿ ಸುಮ್ಮನಿರದು. ಅದರಲ್ಲೂ ಸಲಹೆಗಾರನ ಬಾಯಿ.

"ಸಿಕ್ಕಿದ್ರೂ ಯಾಕೆ ಬೇಕು ಹೇಳು? ಈಗ ಉತ್ತರದ ಕಡೆ ಒಬ್ಬರು ಉಕ್ಕಿನದು ಹೊಸದಾಗಿ ಕಡೆದು ಕೊಡ್ತಾರೆ. ಅರ್ಧಕ್ಕರ್ಧ ತೂಕ ಕಮ್ಮಿ. ಕಾರ್ಖಾನೆಯ ರೇಸಿನ ತಂಡದವರು ಹಾಕ್ತಿದ್ದಿದ್ದು ಅಂಥದ್ದೇ. ಕಾಲಿಟ್ಟರೆ ಸಾಕು, ಇಂಜಿನ್ ಹಾರಿ ಬೀಳುತ್ತೆ! ಭಾರದ ಗಾಲಿ ಅಂದ್ರೆ ಓಟಗಾರನ ಬೆನ್ನಿಗೆ ಆಲೂಗಡ್ಡೆ ಮೂಟೆ ಕಟ್ಟಿದ ಹಾಗೆ."

"ನಂಗೆ ನಡೆಯುತ್ತಾ ಅದು?" ಎಂದು ಐರೀನ್ ಕೇಳಿದಳು.

"ನಿಂಗೆ ಹೇಳಿ ಮಾಡಿಸಿದ್ದು" ಎಂದ ರೋಲಂಡ್.

ಅವಳಿಗೆ ಹೇಳಿ ಮಾಡಿಸಿದ್ದಲ್ಲ ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಆ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಫ್ಲೈವೀಲ್ ಎಂದರೆ ನಮ್ಮ ಬೀಸುಕಲ್ಲಿನ ಹಾಗೆ. ಭಾರದ ಕಲ್ಲು ಒಮ್ಮೆ ತಿರುಗಿತೆಂದರೆ ಕೈ ತುಸು ಸೋತರೂ ತಾನೇ ಇನ್ನೊಂದು ಸುತ್ತು ಬರುತ್ತದೆ. ಹಗುರದ ಕಲ್ಲಾದರೆ ಕೈ ನಿಂತಲ್ಲೇ ಅದೂ ನಿಂತಿತು. ರೇಸಿನಲ್ಲಿ ಕಾಲು ಕೀಳದೆ ಓಡುವವನಿಗೆ ಹಗುರದ್ದು ಒಳ್ಳೆಯದು. ನಿಂತು, ಹೊರಟು, ಏರಿನ ಮೇಲೆ ನಿಂತು, ಮತ್ತೆ ಹೊರಡುವ, ಎಡ ಮಂಡಿ ನೋಯುವ ಹೆಂಗಸಿಗೆ ಆ ಭಾರವೇ ಆಸರೆ.

ಹೊಸ ಗಾಲಿ ಬಂತು, ಇಂಜಿನ್ನಿಗೆ ಕೂತಿತು. ಮೊದಲ ದಿನ ಪಬ್ಬಿನ ಅಂಗಳದಲ್ಲಿ ಟೆರಿ ಸುಮ್ಮನೆ ಪಕ್ಕದಿಂದ ಕಾಲು ಚಾಚಿ ಆಕ್ಸಿಲರೇಟರ್ ಒತ್ತಿದ್ದಕ್ಕೆ ಇಂಜಿನ್ ಹುಲಿಯ ಹಾಗೆ ಗರ್ಜಿಸಿತು. ಗ್ಲಾಸು ಹಿಡಿದು ನಿಂತಿದ್ದವರೆಲ್ಲ ಹೋ ಎಂದರು. ರೋಲಂಡ್ ತಲೆ ತುಸು ಬಾಗಿಸಿ ಅದನ್ನು ಸ್ವೀಕರಿಸಿದ. ಆಮೇಲೆ ಐರೀನ್ ಹೊರಟಳು. ಅಂಗಳದ ಬಾಯಿಯಲ್ಲೇ ಕಾರು ಗಕ್ಕನೆ ಆಫ್ ಆಯಿತು. ಮತ್ತೆ ಹೊರಟಳು, ಮತ್ತೆ ಆಫ್.

"ಅಯ್ಯೋ, ನನ್ನ ಕಾಲು!" ಎಂದು ನಕ್ಕಳು.

ಗುಡ್ಡದ ಏರಿನಲ್ಲಿ ನಗಲಿಲ್ಲ. ತಿರುವಿನ ಸಿಗ್ನಲ್ ದೀಪಕ್ಕೆ ನಿಂತು ಹೊರಡುವಾಗ ಇಂಜಿನ್ ಸತ್ತು ಕಾರು ಹಿಂದಕ್ಕೆ ಜಾರಿತು. ಹಿಂದಿದ್ದ ಬಸ್ಸು ಒಂದೇ ಸಮ ಹಾರನ್ ಹೊಡೆಯಿತು. ಡ್ರೈವರ್ ತಲೆ ಹೊರಹಾಕಿ, "ಯಾರಮ್ಮಾ ಅದು, ಏರು ಹತ್ತೋದು ಬಿಟ್ಟು ಇಳೀತಾ ಇರೋದು!" ಎಂದು ಕೂಗಿದವನು, ಪಕ್ಕದಲ್ಲಿ ಕೂತಿದ್ದ ತನಗೆ ಬಸ್ಸು ಓಡಿಸಲು ಕಲಿಸಿದ ಹಳೇ ಮೇಷ್ಟ್ರನ್ನು ಕಂಡು, "ಓ, ಟೆರಿ ಯಜಮಾನ್ರಾ? ನಿಧಾನಕ್ಕೆ ಹೋಗಿ, ನಿಧಾನಕ್ಕೆ" ಎಂದು ಮೆತ್ತಗಾದ. ಆ ಮೆತ್ತಗಾದದ್ದು ಹಾರನ್ನಿಗಿಂತ ಹೆಚ್ಚು ನಾಟಿತು. ಅಂದು ಅವರು ಚಹಾದಂಗಡಿಗೆ ಹೋಗಲಿಲ್ಲ.

ಇದನ್ನು ರೋಲಂಡ್‌ಗೆ ಹೇಳಲು ಗಂಡಹೆಂಡಿರಿಬ್ಬರೂ ನಿಂಬೆರಸದ ಕೇಕು ಹಿಡಿದುಕೊಂಡೇ ಬಂದರು. ಅವನ ಶ್ರಮಕ್ಕೆ ಕೃತಜ್ಞತೆಯಂತೆ.

"ಗಾಲಿ ಭರ್ಜರಿಯಾಗಿದೆ ರೋಲಂಡ್" ಎಂದಳು ಐರೀನ್. "ದೋಷ ನಂದೇ. ಈ ಮಂಡಿ ಮೊದಲಿನ ಹಾಗಿಲ್ಲ. ಯಾವಾಗ ಬಿಡಬೇಕು ಅಂತ ಕಾಲಿಗೇ ಗೊತ್ತಾಗ್ತಿಲ್ಲ."

ರೋಲಂಡ್‌ನ ಬಾಯಲ್ಲಿ ಕೇಕು ಇತ್ತು. ಅದು ಕೆಳಗೂ ಇಳಿಯಲಿಲ್ಲ, ಹೊರಗೂ ಬರುವಂತಿರಲಿಲ್ಲ. ಈಗ ಹೇಳಿಬಿಡಬಹುದಿತ್ತು. ಹೇಳುವ ಬದಲು ಅವನು ಪಾಠ ಶುರುಮಾಡಿದ.

ಭಾನುವಾರ ಬೆಳಿಗ್ಗೆ, ಸೂಪರ್‌ಮಾರ್ಕೆಟ್ ತೆರೆಯುವ ಮೊದಲು, ಅದರ ಖಾಲಿ ಮೈದಾನದಲ್ಲಿ ಐರೀನ್‌ಗೆ ಡ್ರೈವಿಂಗ್ ಪಾಠ. ರೋಲಂಡ್ ಪಕ್ಕದಲ್ಲಿ ಕೂತು, "ಪಾದಕ್ಕೆ ತಾಳ್ಮೆ ಕಲಿಸು ಐರೀನ್, ಪಾದಕ್ಕೆ ತಾಳ್ಮೆ" ಎನ್ನುತ್ತಿದ್ದ. ಎಪ್ಪತ್ತು ದಾಟಿದ ಹೆಂಗಸು ಶಾಲೆಯ ಹುಡುಗಿಯಂತೆ ತುಟಿ ಕಚ್ಚಿಕೊಂಡು ತಾಳ್ಮೆ ಕಲಿಸುತ್ತಿದ್ದಳು. ಕಾರು ಗಕ್ಕನೆ ನಿಲ್ಲುತ್ತಿತ್ತು. "ಸಾರಿ ರೋಲಂಡ್" ಎನ್ನುತ್ತಿದ್ದಳು. ಪ್ರತಿ ಸಾರಿಗೂ ಅವನು "ಪರವಾಗಿಲ್ಲ, ಇನ್ನೊಂದ್ಸಲ" ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಿದ್ದ. ಆ ದೊಡ್ಡ ಮನಸ್ಸನ್ನು ನೆನೆದರೆ ಮನೆಗೆ ಬಂದ ಮೇಲೆ ಕನ್ನಡಿ ನೋಡಲು ಆಗುತ್ತಿರಲಿಲ್ಲ. ಇದರ ನಡುವೆ ಸಂಘದ ಪತ್ರಿಕೆಯಲ್ಲಿ 'ಫ್ಲೈವೀಲಿನ ಆಯ್ಕೆ: ಹಗುರದ್ದೇ ಏಕೆ?' ಎಂಬ ಅವನ ಲೇಖನ ಭಾವಚಿತ್ರದೊಡನೆ ಅಚ್ಚಾಯಿತು. ಅದರಲ್ಲಿ ಆಲೂಗಡ್ಡೆ ಮೂಟೆಯೂ ಇತ್ತು.

ಜೂನ್ ಕೊನೆಯ ಹೊತ್ತಿಗೆ ಟೆರಿಯ ಫೋನ್ ಬಂತು. "ರೋಲಂಡ್, ಕಾರು ಮಾರಿಬಿಡ್ತೀನಿ ಕಣಯ್ಯಾ. ಪಾಪ, ಅವಳಿಗೆ ಭಾನುವಾರ ಬಂದ್ರೆ ಹೊಟ್ಟೆ ತೊಳೆಸುತ್ತಂತೆ. ನಂಗೋಸ್ಕರ ಬಾಯಿ ಬಿಡ್ತಿರಲಿಲ್ಲ. ಜಾಹೀರಾತು ನೀನೇ ಬರೆದುಕೊಡು, ನಿನ್ನ ಮಾತಿಗೆ ಬೆಲೆ ಇದೆ."

ರೋಲಂಡ್ ಬರೆಯಲು ಕೂತ. 'ಹಸಿರು ಹಾರ್ಡ್‌ವಿಕ್, ಒಡೆಯರು ಅಕ್ಕರೆಯಿಂದ ನೋಡಿಕೊಂಡದ್ದು' ಎಂದು ಬರೆದು ಪೆನ್ನು ಇಟ್ಟ. ಆಗ ಒಗೆದ ಬಟ್ಟೆ ಮಡಚುತ್ತಿದ್ದ ಹಿಲರಿ ಒಂದು ತಲೆದಿಂಬಿನ ಕವರನ್ನು ಅವನ ಮೂಗಿಗೆ ಹಿಡಿದಳು.

"ಮೂಸಿ ನೋಡು."

"ಯಾಕೆ?"

"ಮೂಸು ಅಂದೆ. ಏನು ವಾಸನೆ?"

"ಲ್ಯಾವೆಂಡರ್" ಎಂದ ರೋಲಂಡ್. ಸ್ವಲ್ಪ ತಡೆದು, "ಸ್ವಲ್ಪ ಎಣ್ಣೆ" ಎಂದ.

"ಇಷ್ಟು ವರ್ಷ ಇದರ ಮೇಲೆ ತಲೆ ಇಟ್ಟಿದೀನಿ. ಲ್ಯಾವೆಂಡರ್ ಚೀಲ ಎಷ್ಟು ತುರುಕಿದ್ರೂ ಹೋಗಲ್ಲ. ಒಂದು ದಿನ ಕಾರು ಓಡುತ್ತೆ, ಹೋಗ್ಲಿ ಅಂತ ಸಹಿಸ್ಕೊಂಡೆ. ಈಗ ನಿಂದೂ ಓಡಲ್ಲ, ಅವರದ್ದೂ ಓಡಲ್ಲ ಅಂದ್ರೆ ನಾನು ಯಾವ ಸುಖಕ್ಕೆ ಅದರ ಮೇಲೆ ಮಲಗ್ಲಿ?"

ಇಷ್ಟು ಹೇಳಿ ಕವರು ಮಡಚಿ ಉಳಿದವುಗಳ ಮೇಲಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ವಾದಿಸಲು ಏನಾದರೂ ಸಿಗುತ್ತಿತ್ತು.

ಮರುದಿನ ಅವನು ಟೆರಿಯನ್ನು ಗ್ಯಾರೇಜಿಗೆ ಕರೆಸಿದ. ಆದರೆ ಪ್ರತಿಷ್ಠೆ ಎಂಬ ವಸ್ತು ಅಷ್ಟು ಬೇಗ ಸಾಯುವುದಲ್ಲ. ಬೆಂಚಿನ ಮೇಲೆ ಫ್ಲೈವೀಲ್ ಇಟ್ಟು, ಗಂಟಲು ಸರಿಮಾಡಿಕೊಂಡು, "ಜಾಹೀರಾತು ಬೇಡ ಟೆರಿ. ಕಾರ್ಖಾನೇದೇ ಒಂದು ಸಿಕ್ತು. ಬೆಲ್ಜಿಯಂನಿಂದ ತರಿಸಿದೆ. ಅಲ್ಲೊಬ್ಬ ಹಳೇ ಸದಸ್ಯ ಇದ್ದ, ಪಾಪ, ತೀರಿಕೊಂಡ..." ಎಂದ. ಇಲ್ಲದ ಬೆಲ್ಜಿಯಂನವನನ್ನು ಹುಟ್ಟಿಸಿ, ಅದೇ ಉಸಿರಿನಲ್ಲಿ ಕೊಂದೂ ಬಿಟ್ಟ.

ಟೆರಿ ಎರಡೂ ಕೈಯಿಂದ ಗಾಲಿಯನ್ನು ತಡವಿದ. ಅಂಚಿನ ಹಲ್ಲುಗಳ ಮೇಲೆ ಬೆರಳು ಒಂದು ಸುತ್ತು ಬಂತು. ಆಮೇಲೆ ಬಗ್ಗಿ ಮೂಗು ಹಚ್ಚಿದ.

"ಬೆಲ್ಜಿಯಂನೋರು ಫ್ಲೈವೀಲಿಗೆ ಲ್ಯಾವೆಂಡರ್ ಹಾಕ್ತಾರೇನಯ್ಯಾ?"

ರೋಲಂಡ್‌ನ ಕೈ ಕನ್ನಡಕದ ಕಡೆ ಹೋಗಿ ಅರ್ಧದಲ್ಲೇ ನಿಂತಿತು.

"ನಮ್ಮನೆ ಬಾಯ್ಲರ್ ಕೆಟ್ಟಾಗ ಒಂದು ವಾರ ನಿಮ್ಮನೇಲಿ ಇದ್ವಲ್ಲ" ಎಂದ ಟೆರಿ, ಗೋಡೆಯ ಕಡೆ ನೋಡುತ್ತ. "ಟವೆಲ್ ಹುಡುಕ್ತಾ ಆ ಕಪಾಟಿಗೆ ಕೈ ಹಾಕಿದ್ದೆ. ಟವೆಲಿಗೆ ಹಲ್ಲಿರಲ್ಲ ಅನ್ನೋದಕ್ಕೆ ಕಣ್ಣು ಬೇಕಾಗಲ್ಲ."

"ಗೊತ್ತಿತ್ತಾ ನಿಂಗೆ? ಮತ್ತೆ ಕೇಳಲಿಲ್ಲ ಯಾಕೆ?"

"ಕೇಳಿದೆನಲ್ಲ. ಗೋಡೆಗೆ."

ರೋಲಂಡ್ ಬಾಳೆಹಣ್ಣಿನ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತ. ಒಳಗೆ ಅವನ ಕಾರಿನ ಯಾವುದೋ ಅಂಗ ಲಟಕ್ಕೆಂದಿತು. "ಬೈದುಬಿಡು ಟೆರಿ."

"ಯಾತಕ್ಕೆ? ನಿನ್ನ ವಸ್ತು, ನಿನ್ನಿಷ್ಟ. ಕೊಡಲಿಲ್ಲ ಅಂತ ನಂಗೆ ಸಿಟ್ಟಿಲ್ಲ. ಹಗುರದ್ದೂ ನಡೆಯುತ್ತೆ ಅಂತ ನಾನೂ ನಂಬಿದ್ದೆ. ಗುಡ್ಡದಲ್ಲಿ ಅದು ಸತ್ತಾಗ ನಂಗೆ ಗೊತ್ತಾಯ್ತು, ಇದು ಕಾಲಿನ ದೋಷ ಅಲ್ಲ ಅಂತ. ಆಗ್ಲೂ ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ರೆ ನಿನ್ನ ಹೆಸರು ಬರುತ್ತೆ, ನಲವತ್ತು ವರ್ಷದ ಸ್ನೇಹ. ಅದು ನನ್ನ ತಪ್ಪು, ಅದನ್ನ ನಾನು ಅವಳ ಹತ್ರ ತೀರಿಸ್ಕೋತೀನಿ." ಟೆರಿಯ ದನಿ ಸ್ವಲ್ಪ ಒರಟಾಯಿತು. "ನಿಂದು ನೀನು ಹೇಳು. ದಿನಾ ಮಂಡಿಗೆ ಬೈಕೋತಾಳೆ ಕಣಯ್ಯಾ ಅವಳು. ಇವತ್ತು ಬಚ್ಚಲಲ್ಲಿ ನಿಂತ್ಕೊಂಡು ಅದಕ್ಕೆ ಹೊಡೀತಾ ಇದ್ಲು."

ಗೇರ್‌ಬಾಕ್ಸ್ ಮತ್ತೆ ಇಳಿಯಿತು, ಮತ್ತೆ ಏರಿತು. ಈ ಸಲ ಸಂಘದವರನ್ನು ಕರೆಯಲಿಲ್ಲ. ಇಬ್ಬರೇ ಸೇರಿ, ಕಣ್ಣಿದ್ದವನು ಹಿಡಿದು, ಇಲ್ಲದವನು ತಡವಿ, ಹೇಗೋ ಮುಗಿಸಿದರು.

ಭಾನುವಾರ ಐರೀನ್ ಬೀಗದ ಕೈಯನ್ನು ಒಲ್ಲದ ಮನಸ್ಸಿನಿಂದಲೇ ತೆಗೆದುಕೊಂಡಳು. ಕಾರಿಗೆ ಎರಡೇ ಸೀಟು. ಟೆರಿ ಗುಡ್ಡದ ಬುಡದ ಬಸ್ ಸ್ಟಾಪಿನಲ್ಲಿ ಕೂತು, "ನೀವಿಬ್ಬರೂ ಒಂದು ಸುತ್ತು ಹೋಗಿ ಬನ್ನಿ, ಆಮೇಲೆ ನಾನು" ಎಂದ. ರೋಲಂಡ್ ಪಕ್ಕದಲ್ಲಿ ಕೂತ. ಕಾರು ಹೊರಟಿತು. ಗಕ್ಕೆನ್ನಲಿಲ್ಲ. ಐರೀನ್ ಹುಬ್ಬು ಏರಿಸಿದಳು. ತಿರುವಿನ ದೀಪದಲ್ಲಿ, ಏರಿನ ನಟ್ಟನಡುವೆ, ಕೆಂಪು ಬಿತ್ತು. ಕಾರು ನಿಂತಿತು. ಹಿಂದೆ ಬಸ್ಸು ಬಂದು ನಿಂತಿತು.

"ಐರೀನ್," ಎಂದು ರೋಲಂಡ್ ಶುರುಮಾಡಿದ, "ಯಂತ್ರಶಾಸ್ತ್ರದ ದೃಷ್ಟಿಯಿಂದ ನೋಡಿದಾಗ, ಒಂದು ತಿರುಗುವ ರಾಶಿಗೆ ಇರುವ..."

"ರೋಲಂಡ್. ಒಂದೇ ಮಾತಲ್ಲಿ."

ಅವನು ಕನ್ನಡಕ ತೆಗೆದ. ಒರೆಸಲಿಲ್ಲ. ಕೈಯಲ್ಲೇ ಹಿಡಿದುಕೊಂಡ.

"ನಿನ್ನ ಕಾಲು ಸರಿಯಾಗೇ ಇತ್ತು. ಈ ಗಾಲಿ ಮೊದಲಿಂದ ನನ್ನ ಹತ್ರ ಇತ್ತು. ಮನಸ್ಸು ಬರಲಿಲ್ಲ, ಕೊಡಲಿಲ್ಲ."

ದೀಪ ಹಸಿರಾಯಿತು. ಐರೀನ್ ಹೊರಡಲಿಲ್ಲ. ಮುಂದಿನ ರಸ್ತೆಯನ್ನೇ ನೋಡುತ್ತ ಕೂತಳು.

"ಮೈದಾನದಲ್ಲಿ ನಂಗೆ ಪಾಠ ಮಾಡಿದೆಯಲ್ಲ. ಪಾದಕ್ಕೆ ತಾಳ್ಮೆ ಕಲಿಸು ಅಂತ."

"ಹೂಂ."

"ಆಗ ನಿಂಗೆ ಗೊತ್ತಿತ್ತಾ?"

ಬಸ್ಸು ಹಾರನ್ ಹೊಡೆಯಿತು.

"ಗೊತ್ತಿತ್ತು" ಎಂದ ರೋಲಂಡ್.

"ಕೇಳಿಸಲಿಲ್ಲ. ಬಸ್ಸು."

"ಗೊತ್ತಿತ್ತು!" ಅವನು ಕೂಗಿಯೇ ಹೇಳಬೇಕಾಯಿತು. ಮಾಡು ಮಡಚಿದ ಕಾರು. ಕಾಲುದಾರಿಯಲ್ಲಿ ನಾಯಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿದಳು.

ದೀಪ ಮತ್ತೆ ಕೆಂಪಾಗಿ ಮತ್ತೆ ಹಸಿರಾಯಿತು. ಐರೀನ್ ಎಡಗಾಲನ್ನು ಮೆಲ್ಲಗೆ ಬಿಟ್ಟಳು. ಕಾರು ಒಂದಿಂಚೂ ಹಿಂದೆ ಸರಿಯದೆ, ಅಜ್ಜಿಯ ಹಾಗೆ ಗೊಣಗುತ್ತ, ಏರು ಹತ್ತಿತು. ಗುಡ್ಡದ ನೆತ್ತಿಯಲ್ಲಿ ಅವಳು ಬದಿಗೆ ನಿಲ್ಲಿಸಿದಳು.

"ಇಳಿ."

"ಇಲ್ಲೇ? ಇಲ್ಲಿಂದ ಊರಿಗೆ..."

"ಇಳಿಜಾರು. ನಿನ್ನ ಮಂಡಿ ಚೆನ್ನಾಗಿದೆ."

ಅವನು ಇಳಿದ. ಅವಳು ಕಾರು ತಿರುಗಿಸಿಕೊಂಡು ಕೆಳಗೆ ಹೋದಳು. ರೋಲಂಡ್ ಕಂದು ನಿಲುವಂಗಿಯ ಗುಂಡಿ ಹಾಕಿಕೊಂಡು ಬೇಲಿಯ ಪಕ್ಕದಲ್ಲಿ ನಡೆಯತೊಡಗಿದ. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯ ಬರಲು ಇನ್ನೂ ಬಹಳ ಭಾನುವಾರಗಳು ಬೇಕಾಗಬಹುದು ಅನ್ನಿಸಿತು.

ಅರ್ಧ ದಾರಿಗೆ ಬಂದಾಗ ಕೆಳಗಿನಿಂದ ಆ ಸದ್ದು ಕೇಳಿಸಿತು, ತಗ್ಗದೆ, ತಡವರಿಸದೆ. ಹಸಿರು ಕಾರು ಎದುರಿಗೆ ಏರಿ ಬಂತು. ಐರೀನ್ ನೇರ ರಸ್ತೆಯನ್ನೇ ನೋಡುತ್ತಿದ್ದಳು. ಟೆರಿ ಕೈಯನ್ನು ಬಾಗಿಲ ಮೇಲಿಟ್ಟು, ತಲೆ ವಾಲಿಸಿ ಇಂಜಿನ್ನಿಗೆ ಕಿವಿಗೊಟ್ಟಿದ್ದ. ಸ್ನೇಹಿತ ಇಲ್ಲೆಲ್ಲೋ ನಡೆದು ಬರುತ್ತಿರಬೇಕೆಂದು ಹೆಂಡತಿ ಹೇಳಿರಬೇಕು. ಕೈಯೆತ್ತಿ, ನಗುತ್ತ, ರಸ್ತೆಯ ಆಚೆ ಬದಿಯ ಬೇಲಿಗೆ ಬೀಸಿದ.

ಈಚೆ ಬದಿಯಲ್ಲಿದ್ದ ರೋಲಂಡ್, ಕಾಣುವುದಿಲ್ಲ ಎಂದು ಗೊತ್ತಿದ್ದೂ, ತಾನೂ ಕೈ ಎತ್ತಿದ.